14 ವಾರದಲ್ಲಿ ಎಷ್ಟು ಥಿಯರಿ ಹಿಡಿಸುತ್ತದೆ?

ಪ್ರಶ್ನೆ: ಬರುವ ಸೆಮಿಸ್ಟರ್‌ನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ‘ಕಂಪ್ಯೂಟರ್ ವಿಜ್ಞಾನದ ತಳಹದಿ’ ಎಂಬ ಕೋರ್ಸು ಮಾಡಬೇಕಿದೆ. ನನಗೆ ಇದು ಮೊದಲ ಸಲ. 14 ವಾರ, ವಾರಕ್ಕೆ 2 ಕ್ಲಾಸು. ಅರ್ಧ ಜನ ಕೋಡ್ ಬರೆಯುವುದರಲ್ಲಿ ಪಳಗಿದವರು, ಪ್ರೂಫ್ ಅಂದರೆ ದೂರ. ಉಳಿದವರು ಗಣಿತದ ಕಡೆಯಿಂದ ಬಂದವರು. ಆಟೊಮೇಟ (ಸೀಮಿತ ನೆನಪಿನ ಸರಳ ಯಂತ್ರಗಳು), ಕಂಪ್ಯೂಟೆಬಿಲಿಟಿ (ಯಂತ್ರ ಯಾವ ಸಮಸ್ಯೆಯನ್ನು ಬಿಡಿಸಬಲ್ಲದು), ಕಾಂಪ್ಲೆಕ್ಸಿಟಿ (ಬಿಡಿಸಲು ಎಷ್ಟು ಸಮಯ, ಜಾಗ ಬೇಕು), ಲಾಜಿಕ್, ಲ್ಯಾಂಬ್ಡಾ ಕ್ಯಾಲ್ಕುಲಸ್ (ಬರೀ ಫಂಕ್ಷನ್‌ಗಳಿಂದ ಲೆಕ್ಕ ಮಾಡುವ ಚರ್ಚ್ ಅವರ ಪದ್ಧತಿ), ಕ್ರಿಪ್ಟೊಗ್ರಫಿ ಎಲ್ಲ ಸೇರಿಸಿ ಪಟ್ಟಿ ಮಾಡಿದರೆ 30 ವಾರ ಆಗುತ್ತಿದೆ. ಏನು ಬಿಡಲಿ? ಎಲ್ಲಿಂದ ಶುರು ಮಾಡಲಿ? ಪರೀಕ್ಷೆ ಹೇಗಿರಬೇಕು?

ಉತ್ತರ: ನಿಮ್ಮ ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೂ ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ಕೋರ್ಸನ್ನು ಮೊದಲ ಸಲ ಮಾಡಿದಾಗ ನನ್ನ ಕೈಯಲ್ಲೂ ಅಂಥದ್ದೇ ಪಟ್ಟಿ ಇತ್ತು. ಪುಸ್ತಕಗಳು ಆಟೊಮೇಟದಿಂದ ಶುರುವಾಗುತ್ತವೆ, ನಾನೂ ಅಲ್ಲಿಂದಲೇ ಶುರು ಮಾಡಿದೆ. ಅದಕ್ಕೇ 6 ವಾರ ಹೋಯಿತು. ಕ್ಲಾಸುಗಳೇನೋ ಚೆನ್ನಾಗಿಯೇ ನಡೆದವು. ಕೆಲವು ಸಮಸ್ಯೆಗಳು ಎಷ್ಟು ಕಷ್ಟ ಅಂತ ತೋರಿಸಲು ಬುನಾದಿಯಾದ ಕುಕ್ ಅವರ ಪ್ರಮೇಯಕ್ಕೆ ಬರುವ ಹೊತ್ತಿಗೆ ಉಳಿದಿದ್ದು 3 ಕ್ಲಾಸು. ಓಡಿಸಿಕೊಂಡು ಹೋದೆ, ಪೋರ್ಷನ್ ಮುಗಿಯಿತು. ಪರೀಕ್ಷೆಯಲ್ಲಿ, ಇಂಥ ಸಮಸ್ಯೆ ಕಷ್ಟದ್ದು ಎಂದು ತೋರಿಸಿ ಅಂತ ಕೇಳಿದ್ದೆ. ಬಹಳ ಜನ ರಿಡಕ್ಷನ್ ಅನ್ನು, ಅಂದರೆ ಒಂದು ಸಮಸ್ಯೆಯನ್ನು ಇನ್ನೊಂದರ ಮೂಲಕ ಬಿಡಿಸುವ ಉಪಾಯವನ್ನು, ತಿರುಗಾಮುರುಗಾ ಬರೆದಿದ್ದರು. ಅದರಲ್ಲಿ ಒಳ್ಳೆಯ ಬುದ್ಧಿವಂತರೂ ಇದ್ದರು. ತಪ್ಪು ನನ್ನದು. ಇಡೀ ಕೋರ್ಸಿನ ಅತಿ ಮುಖ್ಯ ಕೆಲಸವನ್ನು ಅವರು ಕೈಯಾರೆ ಮಾಡಿ ನೋಡಿದ್ದು ಎರಡೇ ಸಲ.

ಆಮೇಲಿಂದ ನಾನು ಕೊನೆಯಿಂದ ಹಿಂದಕ್ಕೆ ಯೋಜನೆ ಹಾಕುತ್ತೇನೆ. ಮೊದಲು ಕೊನೆಯ ಪರೀಕ್ಷೆಯ ಪ್ರಶ್ನೆಗಳನ್ನು ಬರೆಯುತ್ತೇನೆ. ಅವಕ್ಕೆ ಉತ್ತರ ಬರೆಯಲು ವಿದ್ಯಾರ್ಥಿಯ ಕೈಗೆ ಏನು ಅಭ್ಯಾಸ ಬೇಕು ಅಂತ ನೋಡುತ್ತೇನೆ. ಅದು ಎಷ್ಟು ಸಲ ಆಗಬೇಕು ಅಂತ ಎಣಿಸುತ್ತೇನೆ. ವಿಷಯಗಳ ಹೆಸರು ಬರುವುದು ಆಮೇಲೆ.

ಅಲ್ಗಾರಿದಂ, ಡೇಟಾಬೇಸ್, ನೆಟ್‌ವರ್ಕ್ ಕೋರ್ಸುಗಳೆಲ್ಲ ‘ಹೇಗೆ ಮಾಡುವುದು’ ಅಂತ ಹೇಳಿಕೊಡುತ್ತವೆ. ‘ಇದು ಆಗುವುದಿಲ್ಲ’ ಅಂತ ಪ್ರೂಫ್ ಸಮೇತ ಹೇಳಲು ಕಲಿಸುವ ಕೋರ್ಸು ಇದೊಂದೇ. ನನಗೆ ಹೊಳೆಯಲಿಲ್ಲ ಅನ್ನುವುದಕ್ಕೂ ಯಾರಿಗೂ ಆಗದು ಅನ್ನುವುದಕ್ಕೂ ಎಷ್ಟು ದೂರ, ಅಲ್ವಾ? ಆ ದೂರ ದಾಟಿಸುವ ಉಪಾಯಗಳು ನನ್ನ ಲೆಕ್ಕದಲ್ಲಿ ಮೂರು. ಒಂದು, ನೆನಪಿನ ಲೆಕ್ಕ: ಬೇರೆ ಬೇರೆ ಅಂತ ಗುರುತಿಡಬೇಕಾದ ಸಂಗತಿಗಳು ಇಷ್ಟಿವೆ, ಇಡಲು ಜಾಗ ಅಷ್ಟಿಲ್ಲ. ಇನ್ನೊಂದು, ಪಟ್ಟಿಯ ಕರ್ಣದ ಉದ್ದಕ್ಕೂ ಬದಲಿಸುತ್ತ ಹೋಗಿ, ಆ ಪಟ್ಟಿಯಲ್ಲಿ ಎಲ್ಲೂ ಇಲ್ಲದ್ದನ್ನು ಕಟ್ಟುವ ಡಯಾಗನಲ್ ವಾದ. ಮೂರನೆಯದು ರಿಡಕ್ಷನ್. ನಿಮ್ಮ 30 ವಾರದ ಪಟ್ಟಿಯಲ್ಲಿ ಯಾವುದು ಈ ಮೂರರಲ್ಲಿ ಒಂದನ್ನು ಹೊಸ ವೇಷದಲ್ಲಿ ಮತ್ತೆ ತೋರಿಸುತ್ತದೋ ಅದನ್ನು ಇಟ್ಟುಕೊಳ್ಳಿ. ಉಳಿದದ್ದು ಎಷ್ಟೇ ಚೆಂದ ಇರಲಿ, ಬಿಡಿ.

ನಿಮ್ಮ ಹತ್ತಿರ ಇರುವುದು 28 ಕ್ಲಾಸು. ನಾನಾದರೆ ಆಟೊಮೇಟಕ್ಕೆ 4, ಕಂಪ್ಯೂಟೆಬಿಲಿಟಿಗೆ 7, ಸಮಯದ ಕಾಂಪ್ಲೆಕ್ಸಿಟಿಗೆ 8, ಮೆಮೊರಿಗೆ 3, ರ‍್ಯಾಂಡಮ್ ಮತ್ತು ಕಮ್ಯುನಿಕೇಶನ್‌ಗೆ 4 ಕೊಡುತ್ತೇನೆ. 2 ಖಾಲಿ ಇಡುತ್ತೇನೆ. ಯಾಕೆ ಹೀಗೆ ಅಂತ ಹೇಳುತ್ತೇನೆ.

ಆಟೊಮೇಟಕ್ಕೆ ನಾಲ್ಕೇನಾ ಅಂತ ಕೇಳಬೇಡಿ. ಪದವಿಯಲ್ಲಿ ಬಹುತೇಕರು ಅದನ್ನು ಒಮ್ಮೆ ನೋಡಿರುತ್ತಾರೆ. ನೋಡದವರಿಗೆ ಮೊದಲ ಕ್ಲಾಸು ಸಾಕು. ಇಲ್ಲಿ ನನ್ನದೊಂದು ಹಟ ಇದೆ: ಒಂದು ಭಾಷೆ (ಯಂತ್ರ ಒಪ್ಪಬೇಕಾದ ಅಕ್ಷರಸಾಲುಗಳ ಗುಂಪು) ರೆಗ್ಯುಲರ್ ಅಲ್ಲ, ಅಂದರೆ ಯಾವ ಆಟೊಮೇಟಕ್ಕೂ ಸಿಗದು ಅಂತ ತೋರಿಸುವ ಪಂಪಿಂಗ್ ಲೆಮ್ಮಾ ಕೈಬಿಡಿ. ‘ಎಲ್ಲದಕ್ಕೂ ಒಂದು ಇದೆ, ಅದರಲ್ಲಿ ಎಲ್ಲದಕ್ಕೂ ಇನ್ನೊಂದು ಇದೆ’ ಅನ್ನುವ ಸಾಲು ಮೊದಲ ವಾರದಲ್ಲೇ ವಿದ್ಯಾರ್ಥಿಗಳ ಧೈರ್ಯ ತಿನ್ನುತ್ತದೆ. ಕೆಲವರು ಅದನ್ನು ಬಾಯಿಪಾಠ ಮಾಡಿ, ಭಾಷೆ ರೆಗ್ಯುಲರ್ ಎಂದು ಸಾಧಿಸುವುದಕ್ಕೂ ಅದನ್ನೇ ಬಳಸುತ್ತಾರೆ. ಬದಲಿಗೆ 1950ರ ದಶಕದ ಕೊನೆಯಲ್ಲಿ ಬಂದ ಮೈಹಿಲ್–ನೆರೋಡ್ ಪ್ರಮೇಯ ಹೇಳಿಕೊಡಿ: ಬೇರೆ ಬೇರೆ ಅಂತ ಗುರುತಿಡಬೇಕಾದ ಸಾಲುಗಳು ಎಷ್ಟೋ, ಯಂತ್ರಕ್ಕೆ ಅಷ್ಟು ಸ್ಥಿತಿ (ನೆನಪಿನ ಮನೆ) ಬೇಕು.

ನಾನು ಕೊಡುವ ಉದಾಹರಣೆ ಇದು. 0 ಮತ್ತು 1ರ ಸಾಲು ಒಂದೊಂದೇ ಅಕ್ಷರವಾಗಿ ಬರುತ್ತದೆ. ಕೊನೆಯಿಂದ 10ನೇ ಅಕ್ಷರ 1 ಆಗಿದ್ದರೆ ಯಂತ್ರ ಒಪ್ಪಬೇಕು. ಸಾಲು ಯಾವಾಗ ಮುಗಿಯುತ್ತದೆ ಅಂತ ಮೊದಲೇ ಗೊತ್ತಿಲ್ಲ. ಊಹೆ ಮಾಡಲು ಬಿಟ್ಟರೆ, ಅಂದರೆ ನಾನ್‌ಡಿಟರ್ಮಿನಿಸ್ಟಿಕ್ ಯಂತ್ರಕ್ಕೆ, 11 ಸ್ಥಿತಿ ಸಾಕು. ‘ಇದೇ ಆ ಅಕ್ಷರ’ ಅಂತ ಊಹಿಸುವುದು, ಆಮೇಲೆ 9 ಎಣಿಸುವುದು. ಊಹೆ ಬೇಡ ಅಂದರೆ? 10 ಅಕ್ಷರದ ಎರಡು ಬೇರೆ ಬೇರೆ ಸಾಲು ತೆಗೆದುಕೊಳ್ಳಿ. ಎಲ್ಲೋ ಒಂದು ಕಡೆ ಒಂದರಲ್ಲಿ 0 ಇದೆ, ಇನ್ನೊಂದರಲ್ಲಿ 1 ಇದೆ. ಆ ಜಾಗ ಕೊನೆಯಿಂದ 10ನೆಯದಾಗುವ ತನಕ ಎರಡಕ್ಕೂ ಸೊನ್ನೆ ಸೇರಿಸುತ್ತ ಹೋಗಿ. ಈಗ ಒಂದನ್ನು ಒಪ್ಪಬೇಕು, ಇನ್ನೊಂದನ್ನು ಬಿಡಬೇಕು. ಸೊನ್ನೆ ಸೇರಿಸುವ ಮೊದಲು ಯಂತ್ರ ಎರಡಕ್ಕೂ ಒಂದೇ ಸ್ಥಿತಿಯಲ್ಲಿದ್ದರೆ ಇದು ಆಗದು. 10 ಅಕ್ಷರದ ಸಾಲುಗಳು 1,024. ಹಾಗಾಗಿ ಕನಿಷ್ಠ 1,024 ಸ್ಥಿತಿ ಬೇಕೇ ಬೇಕು. 10ರ ಬದಲು 20 ಹಾಕಿ: ಒಂದು ಕಡೆ 21, ಇನ್ನೊಂದು ಕಡೆ 10,48,576.

ಇದನ್ನು ಬೋರ್ಡಿನ ಮೇಲೆ ಮುಗಿಸಲು 10 ನಿಮಿಷ ಸಾಕು. ನೋಡಿ, ಕೋಡ್ ಬರೆಯುವ ಹುಡುಗ ಹುಡುಗಿಯರಿಗೆ ಇದು ಜೀವನದ ಮೊದಲ ‘ಆಗದು’ ಪ್ರೂಫ್. ಅದರಲ್ಲಿ ಮಾಯಾಮಂತ್ರ ಏನೂ ಇಲ್ಲ. ಬೇರೆ ಬೇರೆ ಭೂತಕಾಲಗಳನ್ನು ನೆನಪಿಡಬೇಕು, ನೆನಪಿಗೆ ಜಾಗ ಸಾಲದು, ಅಷ್ಟೇ. ಜೊತೆಗೆ ಊಹೆಯ ಬೆಲೆ ಎಷ್ಟು ಅನ್ನುವ ಪ್ರಶ್ನೆ ಎರಡನೇ ವಾರದಲ್ಲೇ ಮೇಜಿನ ಮೇಲೆ ಬಂತು. ಕೋರ್ಸಿನ ಅರ್ಧ ಭಾಗ ಆ ಪ್ರಶ್ನೆಯ ಹಿಂದೆಯೇ ಓಡುತ್ತದೆ. ನಾನ್‌ಡಿಟರ್ಮಿನಿಸಂ ಅನ್ನು ಈ ರೂಪದಲ್ಲಿ ತಂದವರು ರಾಬಿನ್ ಮತ್ತು ಸ್ಕಾಟ್, 1959ರಲ್ಲಿ. ಹೆಸರು, ವರ್ಷ ಹೇಳುತ್ತ ಹೋಗಿ. ಇದೆಲ್ಲ ಯಾರೋ ಮನುಷ್ಯರು ತಡವರಿಸುತ್ತ ಕಂಡುಕೊಂಡಿದ್ದು ಅಂತ ವಿದ್ಯಾರ್ಥಿಗಳಿಗೆ ಗೊತ್ತಾಗಬೇಕು.

ಕಂಪ್ಯೂಟೆಬಿಲಿಟಿಯನ್ನು ಕ್ಯಾಂಟರ್ ಅವರ 1891ರ ಡಯಾಗನಲ್ ವಾದದಿಂದ ಶುರು ಮಾಡಿ. ಅಲ್ಲಿಂದ ಹಿಲ್ಬರ್ಟ್ 1928ರಲ್ಲಿ ಕೇಳಿದ ಪ್ರಶ್ನೆಗೆ ಬನ್ನಿ: ಒಂದು ಹೇಳಿಕೆ ತರ್ಕದಿಂದ ಸಿದ್ಧವಾಗುತ್ತದೋ ಇಲ್ಲವೋ ಅಂತ ಯಾಂತ್ರಿಕವಾಗಿ ಹೇಳುವ ವಿಧಾನ ಇದೆಯೇ? ಇಲ್ಲ ಎಂದು 1936ರಲ್ಲಿ ಚರ್ಚ್ ಮತ್ತು ಟ್ಯೂರಿಂಗ್ ಬೇರೆ ಬೇರೆಯಾಗಿ ತೋರಿಸಿದರು. ಟ್ಯೂರಿಂಗ್ ಅವರ ಲೇಖನದ 9ನೇ ಭಾಗವನ್ನು ಓದಿಸಿ. ಚೌಕುಳಿ ಹಾಳೆಯ ಮೇಲೆ ಲೆಕ್ಕ ಮಾಡುವ ಮನುಷ್ಯ ಒಂದು ನೋಟಕ್ಕೆ ಎಷ್ಟು ನೋಡಬಲ್ಲ, ಎಷ್ಟು ನೆನಪಿಡಬಲ್ಲ ಅಂತ ಅವರು ಅಲ್ಲಿ ವಾದಿಸುತ್ತಾರೆ. ಯಂತ್ರದ ರೂಪ ಆಕಾಶದಿಂದ ಬಿದ್ದದ್ದಲ್ಲ ಅಂತ ಆ ಪುಟಗಳಿಂದ ಗೊತ್ತಾಗುತ್ತದೆ. ಅದೇ ಲೇಖನದಲ್ಲಿ, ಯಾವ ಯಂತ್ರವನ್ನಾದರೂ ಅನುಕರಿಸುವ ಯೂನಿವರ್ಸಲ್ ಯಂತ್ರದ ವಿವರಣೆಯಲ್ಲಿ ತಪ್ಪುಗಳಿದ್ದವು, ಕೆಲವನ್ನು ಪೋಸ್ಟ್ 1947ರಲ್ಲಿ ತೋರಿಸಿಕೊಟ್ಟರು. ಇದನ್ನು ನಾನು ತಪ್ಪದೇ ಹೇಳುತ್ತೇನೆ. ತಮ್ಮ ಮೊದಲ ಪ್ರೋಗ್ರಾಂ ಓಡದವರಿಗೆ ಸಮಾಧಾನ ಆಗುತ್ತದೆ.

ಟ್ಯೂರಿಂಗ್ ಯಂತ್ರದ ಟೇಪಿನ ಮೇಲೆ ಓದಿ ಬರೆಯುವ ತಲೆ ಎಡಕ್ಕೆ ಬಲಕ್ಕೆ ಓಡಾಡುವ ವಿವರಗಳಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಎರಡು ಯಂತ್ರ ಬರೆಸಿ, ಸಾಕು. ಆಮೇಲೆ ‘ಪ್ರೋಗ್ರಾಂ’ ಅಂತಲೇ ಮಾತಾಡಿ. ನಿಲ್ಲುವ ಸಮಸ್ಯೆ, ಅಂದರೆ ಕೊಟ್ಟ ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೆಯೇ ಅನ್ನುವ ಪ್ರಶ್ನೆ, ಬಿಡಿಸಲಾಗದ್ದು ಅನ್ನುವ ಪ್ರೂಫ್ ಅನ್ನು ಅವರಿಗೆ ಗೊತ್ತಿರುವ ಭಾಷೆಯ 5 ಸಾಲಿನ ಕೋಡ್ ಆಗಿ ಬರೆಯಿರಿ. ಅದಕ್ಕೆ ಉತ್ತರ ಹೇಳಬಲ್ಲ ಫಂಕ್ಷನ್ ಇದೆ ಅಂದುಕೊಳ್ಳಿ. ಅದರಿಂದ ‘ನಿಲ್ಲುತ್ತದೆ’ ಅಂತ ಉತ್ತರ ಬಂದರೆ ಸುಮ್ನೆ ಸುತ್ತುತ್ತಿರು, ‘ನಿಲ್ಲುವುದಿಲ್ಲ’ ಅಂತ ಬಂದರೆ ನಿಂತುಬಿಡು. ಈಗ ಈ ಪ್ರೋಗ್ರಾಂಗೆ ಅದನ್ನೇ ತಿನ್ನಿಸಿ. ಕ್ಯಾಂಟರ್ ಅವರ ಕರ್ಣ ಈ ಐದು ಸಾಲಿನಲ್ಲಿ ಎಲ್ಲಿ ಅಡಗಿದೆ ಅಂತ ವಿದ್ಯಾರ್ಥಿಗಳೇ ಹುಡುಕಲಿ. ಹುಡುಕಲು ಕಾಲು ಗಂಟೆ ಕೊಡಿ. ಬಾಯಿ ಬಿಡಬೇಡಿ. ಇದು ನಮ್ಮಂಥ ಮೇಷ್ಟ್ರುಗಳಿಗೆ ಕಷ್ಟದ ಕೆಲಸ.

ಇಲ್ಲಿಂದ ರಿಡಕ್ಷನ್. ದಿಕ್ಕು ತಪ್ಪುವುದು ಇಲ್ಲೇ, ಹಾಗಾಗಿ ಅವಸರ ಬೇಡ. ನಾನು ಕಂಡುಕೊಂಡ ಮದ್ದು ಬಹಳ ಸಾದಾ. ಪ್ರತಿ ರಿಡಕ್ಷನ್‌ನ ಮೊದಲ ಎರಡು ವಾಕ್ಯ ಕಡ್ಡಾಯ: ‘ಹೊಸ ಸಮಸ್ಯೆಯನ್ನು ಬಿಡಿಸುವ ಲೈಬ್ರರಿ ಫಂಕ್ಷನ್ ನನ್ನ ಕೈಯಲ್ಲಿದೆ ಅಂದುಕೊಳ್ಳೋಣ. ಅದನ್ನು ಕರೆದು ಹಳೇ ಸಮಸ್ಯೆಯನ್ನು ಬಿಡಿಸುತ್ತೇನೆ.’ ಹಳೆಯದು ಆಗದು ಅಂತ ಗೊತ್ತೇ ಇದೆ, ಆದ್ದರಿಂದ ಆ ಲೈಬ್ರರಿ ಇರಲು ಸಾಧ್ಯವಿಲ್ಲ. ಈ ಎರಡು ವಾಕ್ಯ ಇಲ್ಲದ ಉತ್ತರಕ್ಕೆ ಅಂಕ ಇಲ್ಲ ಅಂತ ಮೊದಲೇ ಹೇಳಿಬಿಡಿ. ಸ್ವಲ್ಪ ಬಾಲಿಶ ಅನ್ನಿಸಬಹುದು. ನನ್ನ ಕ್ಲಾಸಿನಲ್ಲಿ ತಿರುಗಾಮುರುಗಾ ಉತ್ತರಗಳು ಕಡಿಮೆಯಾಗಿದ್ದು ಇದರಿಂದಲೇ. ಕೋಡ್ ಬರೆಯುವವರು ಇಲ್ಲಿ ಗಣಿತದವರನ್ನು ಹಿಂದೆ ಹಾಕುತ್ತಾರೆ, ಯಾಕೆಂದರೆ ಫಂಕ್ಷನ್ ಕರೆಯುವುದು ಅವರ ದಿನನಿತ್ಯದ ಕೆಲಸ.

ರೈಸ್ ಅವರ 1953ರ ಪ್ರಮೇಯ ಹೇಳಿಕೊಡಿ: ಪ್ರೋಗ್ರಾಂನ ವರ್ತನೆಯ ಬಗ್ಗೆ, ಎಲ್ಲಕ್ಕೂ ಒಂದೇ ಉತ್ತರ ಬರುವ ಪ್ರಶ್ನೆಗಳನ್ನು ಬಿಟ್ಟರೆ, ಯಾವ ಪ್ರಶ್ನೆಗೂ ಯಾಂತ್ರಿಕವಾಗಿ ಉತ್ತರ ಹೇಳಲಾಗದು. ಜೊತೆಗೆ ಎಚ್ಚರಿಕೆಯನ್ನೂ ಹೇಳಿ. ಅದು ಪ್ರೋಗ್ರಾಂ ಏನು ಲೆಕ್ಕ ಮಾಡುತ್ತದೆ ಅನ್ನುವುದರ ಬಗ್ಗೆ, ಕೋಡ್ ಹೇಗೆ ಕಾಣುತ್ತದೆ ಅನ್ನುವುದರ ಬಗ್ಗೆ ಅಲ್ಲ. ‘ಈ ಪ್ರೋಗ್ರಾಂನಲ್ಲಿ 100 ಸಾಲಿದೆಯೇ’ ಅಂತ ನೋಡಲು ಯಾರ ಅಡ್ಡಿಯೂ ಇಲ್ಲ.

ಗೊಡೆಲ್ ಅವರ 1931ರ ಫಲಿತಾಂಶಕ್ಕೆ ಬೇರೆ ವಾರ ಬೇಕಿಲ್ಲ. ನಿಲ್ಲುವ ಸಮಸ್ಯೆಯಿಂದ ಅದು ಅರ್ಧ ಪುಟದಲ್ಲಿ ಬರುತ್ತದೆ. ಒಂದು ಪ್ರೂಫ್ ಸರಿಯೇ ಅಂತ ಪ್ರೋಗ್ರಾಂ ಪರೀಕ್ಷಿಸಬಲ್ಲ ವ್ಯವಸ್ಥೆ ಇದೆ ಎನ್ನಿ. ಅದು ಸುಳ್ಳು ಸಾಧಿಸುವುದಿಲ್ಲ. ‘ಈ ಪ್ರೋಗ್ರಾಂ ನಿಲ್ಲುತ್ತದೆ’ ಅಥವಾ ‘ನಿಲ್ಲುವುದಿಲ್ಲ’ ಅನ್ನುವ ಪ್ರತಿ ನಿಜವನ್ನೂ ಸಾಧಿಸುತ್ತದೆ ಅಂತಲೂ ಅಂದುಕೊಳ್ಳಿ. ಹಾಗಿದ್ದರೆ ಎಲ್ಲ ಪ್ರೂಫ್‌ಗಳನ್ನೂ ಉದ್ದದ ಕ್ರಮದಲ್ಲಿ ಒಂದೊಂದಾಗಿ ನೋಡುತ್ತ ಹೋದರೆ ಎರಡರಲ್ಲಿ ಒಂದು ಸಿಕ್ಕೇ ಸಿಗುತ್ತದೆ. ನಿಲ್ಲುವ ಸಮಸ್ಯೆ ಬಿಡಿಸಿದ ಹಾಗಾಯಿತು! ಅದು ಆಗದು. ಆದ್ದರಿಂದ ಸಾಧಿಸಲಾಗದ ನಿಜಗಳು ಇರಲೇಬೇಕು. ಗೊಡೆಲ್ ಅವರ ಮೂಲ ಫಲಿತಾಂಶ ಇದಕ್ಕಿಂತ ಬಲವಾದದ್ದು ಅಂತ ಒಂದು ಮಾತು ಸೇರಿಸಿ, ಮುಂದೆ ಹೋಗಿ.

ಒಂದು ಕ್ಲಾಸನ್ನು ‘ಬಿಸಿ ಬೀವರ್’ಗೆ ಇಡಿ. ರಾಡೋ 1962ರಲ್ಲಿ ಕೇಳಿದ್ದು: ಇಷ್ಟು ಸ್ಥಿತಿಯಿರುವ, ಎರಡು ಚಿಹ್ನೆಯ ಯಂತ್ರ ಖಾಲಿ ಟೇಪಿನ ಮೇಲೆ ಓಡಿ, ಕೊನೆಗೆ ನಿಲ್ಲುವುದಾದರೆ, ಗರಿಷ್ಠ ಎಷ್ಟು ಹೆಜ್ಜೆ ಓಡಬಹುದು? 2 ಸ್ಥಿತಿಗೆ 6, 3ಕ್ಕೆ 21, 4ಕ್ಕೆ 107. 5 ಸ್ಥಿತಿಗೆ 4,71,76,870. ಆ ಯಂತ್ರ 1989ರಲ್ಲೇ ಸಿಕ್ಕಿತ್ತು. ಅದಕ್ಕಿಂತ ಜಾಸ್ತಿ ಓಡಿ ನಿಲ್ಲುವುದು ಇನ್ನೊಂದಿಲ್ಲ ಅಂತ ಖಚಿತವಾಗಿದ್ದು 2024ರಲ್ಲಿ. ಜಗತ್ತಿನ ಬೇರೆ ಬೇರೆ ಕಡೆಯ ಜನ ಆನ್‌ಲೈನ್‌ನಲ್ಲಿ ಸೇರಿ ಮಾಡಿದ ಕೆಲಸ ಅದು, ಪ್ರೂಫ್ ಅನ್ನು ಕಾಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಪರಿಶೀಲಿಸಿದ್ದಾರೆ. ಸಿಮ್ಯುಲೇಟರ್ ಬರೆದು 3 ಸ್ಥಿತಿಯ 21ನ್ನು ಹುಡುಕುವುದು ಒಳ್ಳೆಯ ಅಸೈನ್‌ಮೆಂಟ್. ‘ನಿಲ್ಲದ ಯಂತ್ರ ನಿಲ್ಲುವುದಿಲ್ಲ ಅಂತ ಹೇಗೆ ಖಚಿತ ಮಾಡಿಕೊಂಡಿರಿ’ ಅಂತ ಬರೆಯಲು ಹೇಳಿ. ನಿಲ್ಲುವ ಸಮಸ್ಯೆ ಅವರ ಸ್ವಂತ ತಲೆನೋವಾಗುವುದು ಆಗಲೇ.

ಕಾಂಪ್ಲೆಕ್ಸಿಟಿಗೆ ಬಂದಾಗ ಮೊದಲ ದಿನವೇ ಒಂದು ಹಳ್ಳ ತೋರಿಸಿ. ಸಂಖ್ಯೆ ಅವಿಭಾಜ್ಯವೇ ಅಂತ ನೋಡಲು ಅದರ ವರ್ಗಮೂಲದ ತನಕ ಭಾಗಿಸುತ್ತ ಹೋಗುವ ಲೂಪ್ ಎಲ್ಲರಿಗೂ ಗೊತ್ತು. ಇದು ಪಾಲಿನಾಮಿಯಲ್ ಸಮಯವೇ, ಅಂದರೆ ಹೆಜ್ಜೆಗಳು ಇನ್‌ಪುಟ್‌ನ ಅಳತೆಯ ಯಾವುದಾದರೂ ಒಂದು ಘಾತದೊಳಗೆ ಇರುತ್ತವೆಯೇ ಅಂತ ಕೇಳಿ. ‘ಹೌದು, ಇನ್ನೂ ಕಡಿಮೆಯೇ’ ಅನ್ನುತ್ತಾರೆ. ಆಮೇಲೆ 200 ಅಂಕೆಯ ಸಂಖ್ಯೆ ಕೊಡಿ. ಲೂಪ್ ಸುತ್ತಬೇಕಾದ್ದು ಸುಮಾರು 1ರ ಮುಂದೆ 100 ಸೊನ್ನೆ ಹಾಕಿದಷ್ಟು ಸಲ. ಇನ್‌ಪುಟ್‌ನ ಅಳತೆ ಸಂಖ್ಯೆಯ ಬೆಲೆ ಅಲ್ಲ, ಅದನ್ನು ಬರೆಯಲು ಬೇಕಾದ ಅಂಕೆಗಳು. ಇಲ್ಲಿ ಇನ್‌ಪುಟ್ 200 ಅಷ್ಟೇ. ನಿಜಕ್ಕೂ ಪಾಲಿನಾಮಿಯಲ್ ಆದ, ಊಹೆಯ ಆಸರೆ ಇಲ್ಲದ ವಿಧಾನ ಕೊಟ್ಟವರು ಅಗ್ರವಾಲ್, ಕಯಾಲ್ ಮತ್ತು ಸಕ್ಸೇನಾ, 2002ರಲ್ಲಿ. ಅವರಲ್ಲಿ ಇಬ್ಬರು ಆಗಷ್ಟೇ ಪದವಿ ಮುಗಿಸುತ್ತಿದ್ದ ವಿದ್ಯಾರ್ಥಿಗಳು. ಈ ಹಳ್ಳ ದಾಟದೇ ಹೋದರೆ ಕೊಟ್ಟ ಸಂಖ್ಯೆಗಳಲ್ಲಿ ಕೆಲವನ್ನು ಆರಿಸಿ ಬೇಕಾದ ಮೊತ್ತ ಪಡೆಯುವ ಸಬ್‌ಸೆಟ್ ಸಮ್ ಸಮಸ್ಯೆ ಬಂದಾಗ ಕ್ಲಾಸು ದಾರಿ ತಪ್ಪುತ್ತದೆ. ‘ಡೈನಮಿಕ್ ಪ್ರೋಗ್ರಾಮಿಂಗ್‌ನಲ್ಲಿ ಬಿಡಿಸಿದ್ದೇವಲ್ಲ, ಅದು ಹೇಗೆ ಕಷ್ಟದ್ದು?’ ಅನ್ನುವ ಪ್ರಶ್ನೆ ಪ್ರತಿ ವರ್ಷ ಬರುತ್ತದೆ.

ಹೆಸರಿನ ಗೊಂದಲವನ್ನೂ ಅವತ್ತೇ ಬಗೆಹರಿಸಿ. ಎನ್‌ಪಿ ಅಂದರೆ ‘ಪಾಲಿನಾಮಿಯಲ್ ಅಲ್ಲದ್ದು’ ಅಂತ ಅಂದುಕೊಂಡವರು ಸ್ನಾತಕೋತ್ತರದಲ್ಲೂ ಇರುತ್ತಾರೆ. ಉತ್ತರ ಕೊಟ್ಟರೆ ಬೇಗ ಪರೀಕ್ಷಿಸಬಹುದು ಅನ್ನುವುದಷ್ಟೇ ಅದರ ಅರ್ಥ. ಪಿ, ಅಂದರೆ ಪಾಲಿನಾಮಿಯಲ್ ಸಮಯದಲ್ಲಿ ಬಿಡಿಸಬಹುದಾದ ಸಮಸ್ಯೆಗಳು, ಪೂರ್ತಿಯಾಗಿ ಅದರೊಳಗೇ ಇದೆ.

ಹಾರ್ಟ್‌ಮಾನಿಸ್ ಮತ್ತು ಸ್ಟರ್ನ್ಸ್ ಅವರ 1965ರ ಹೈರಾರ್ಕಿ ಪ್ರಮೇಯಕ್ಕೆ ಒಂದು ಕ್ಲಾಸು: ಜಾಸ್ತಿ ಸಮಯ ಕೊಟ್ಟರೆ ನಿಜಕ್ಕೂ ಜಾಸ್ತಿ ಸಮಸ್ಯೆ ಬಿಡಿಸಬಹುದು. ಪ್ರೂಫ್ ಮತ್ತೆ ಅದೇ ಕರ್ಣ. ಈ ಸಲ ಅದಕ್ಕೆ ಗಡಿಯಾರ ಕಟ್ಟಿದ್ದೇವೆ ಅಷ್ಟೇ. ಆಮೇಲೆ ಎನ್‌ಪಿಯ ಯಾವ ಸಮಸ್ಯೆಯನ್ನೂ ಸ್ಯಾಟ್‌ಗೆ (ಒಂದು ತರ್ಕಸೂತ್ರವನ್ನು ನಿಜವಾಗಿಸಬಹುದೇ ಅನ್ನುವ ಸಮಸ್ಯೆಗೆ) ಇಳಿಸಬಹುದು ಅಂತ ಕುಕ್ 1971ರಲ್ಲಿ ಸಾಧಿಸಿದ್ದು, ಲೆವಿನ್ ತಾವೇ ಬೇರೆಯಾಗಿ ಕಂಡುಕೊಂಡು 1973ರಲ್ಲಿ ಪ್ರಕಟಿಸಿದ್ದು. ಇದಕ್ಕೆ 2 ಕ್ಲಾಸು ಪೂರ್ತಿ ಕೊಡಿ, ಕತ್ತರಿ ಹಾಕಬೇಡಿ. ಯಂತ್ರದ ಓಟವನ್ನು ಒಂದು ದೊಡ್ಡ ಚೌಕುಳಿ ಕೋಷ್ಟಕವಾಗಿ ಬರೆಯಿರಿ. ಒಂದು ಸಾಲು ಒಂದು ಕ್ಷಣ. ಪ್ರತಿ ಮನೆಯಲ್ಲಿ ಏನಿರಬೇಕು ಅನ್ನುವುದನ್ನು ಅದರ ಮೇಲಿನ ಸಾಲಿನ ಮೂರು ಮನೆಗಳು ತೀರ್ಮಾನಿಸುತ್ತವೆ. ಇಷ್ಟೂ ಪುಟ್ಟ ಪುಟ್ಟ ಷರತ್ತುಗಳನ್ನು ಸೇರಿಸಿದರೆ ಅದೇ ಸ್ಯಾಟ್ ಸೂತ್ರ. ಲೆಕ್ಕ ಅನ್ನುವುದು ಅಕ್ಕಪಕ್ಕದ ಮನೆಗಳ ವ್ಯವಹಾರ, ದೂರದಿಂದ ಯಾರೂ ಬಂದು ಕೈ ಹಾಕುವುದಿಲ್ಲ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಪ್ರೂಫ್‌ನ ಉಳಿದ ಭಾಗ ಗುಮಾಸ್ತನ ಕೆಲಸ.

ಕಾರ್ಪ್ 1972ರಲ್ಲಿ ಅಷ್ಟೇ ಕಷ್ಟದ 21 ಸಮಸ್ಯೆಗಳನ್ನು ಸಾಲಾಗಿ ನಿಲ್ಲಿಸಿದರು. ನೀವು ಬೋರ್ಡಿನ ಮೇಲೆ ಎರಡೇ ಮಾಡಿ. ಕ್ಲಿಕ್ (ಎಲ್ಲರಿಗೂ ಎಲ್ಲರ ಜೊತೆ ಕೊಂಡಿಯಿರುವ ದೊಡ್ಡ ಗುಂಪು ಹುಡುಕುವುದು) ಮತ್ತು 3 ಬಣ್ಣದ ಸಮಸ್ಯೆ (ಕೊಂಡಿಯಿರುವ ಎರಡಕ್ಕೆ ಒಂದೇ ಬಣ್ಣ ಬರದಂತೆ ಬಳಿಯುವುದು). ಉಳಿದವು ವಿದ್ಯಾರ್ಥಿಗಳ ಕೈಯಲ್ಲಿ ಆಗಬೇಕು, ಕನಿಷ್ಠ 8. ನಾನು ಎಣಿಸುತ್ತೇನೆ ಅಂದಿದ್ದು ಇದನ್ನೇ. ಈಜುವುದನ್ನು ದಡದಲ್ಲಿ ನಿಂತು ತೋರಿಸಿ ಪ್ರಯೋಜನವಿಲ್ಲ.

ಇನ್ನು ನನಗೆ ಬಹಳ ಇಷ್ಟದ ತಿರುವು. ಬೇಕರ್, ಗಿಲ್ ಮತ್ತು ಸೊಲೊವೇ, 1975. ಒಂದು ಒರೇಕಲ್, ಅಂದರೆ ಕೇಳಿದ ತಕ್ಷಣ ಉತ್ತರ ಕೊಡುವ ಪೆಟ್ಟಿಗೆ, ಕೊಟ್ಟರೆ ಪಿ ಮತ್ತು ಎನ್‌ಪಿ ಒಂದಾಗುತ್ತವೆ, ಇನ್ನೊಂದು ಒರೇಕಲ್ ಕೊಟ್ಟರೆ ಬೇರೆಯಾಗುತ್ತವೆ. ಬರೀ ಯಂತ್ರವನ್ನು ಓಡಿಸಿ ನೋಡಿ, ಉತ್ತರ ತಿರುಗಿಸುವ ವಾದಕ್ಕೆ ಒರೇಕಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ 1891ರಿಂದ ನಮ್ಮನ್ನು ಇಲ್ಲಿಯವರೆಗೆ ಹೊತ್ತು ತಂದ ಕರ್ಣ, ಪಿ ಮತ್ತು ಎನ್‌ಪಿ ಪ್ರಶ್ನೆಯ ಬಾಗಿಲಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಒಳಗೆ ಹೋಗಲಾರದು. ಒಂದು ಉಪಾಯದ ಹುಟ್ಟು, ಬೆಳವಣಿಗೆ, ಮಿತಿ ಮೂರನ್ನೂ ಒಂದೇ ಸೆಮಿಸ್ಟರ್‌ನಲ್ಲಿ ನೋಡುವ ಅವಕಾಶ ಬೇರೆ ಯಾವ ಕೋರ್ಸಿನಲ್ಲಿ ಸಿಗುತ್ತದೆ ಹೇಳಿ! ಬಹಳ ಪಠ್ಯಕ್ರಮಗಳು ಇದನ್ನು ‘ಮುಂದುವರಿದ ವಿಷಯ’ ಅಂತ ಬಿಟ್ಟುಬಿಡುತ್ತವೆ. ನನಗೆ ಅದು ಅರ್ಥವೇ ಆಗಿಲ್ಲ.

ಮೆಮೊರಿಯ 3 ಕ್ಲಾಸಿನಲ್ಲಿ ಸ್ಯಾವಿಚ್ ಅವರ 1970ರ ಪ್ರಮೇಯ ಬರಲಿ. ಇಲ್ಲಿಂದ ಅಲ್ಲಿಗೆ ದಾರಿ ಇದೆಯೇ ಅಂತ ಕೇಳಲು ನಡುವಿನ ಊರೊಂದನ್ನು ಹಿಡಿದು, ಎರಡು ಅರ್ಧ ದಾರಿಗಳನ್ನು ಒಂದಾದ ಮೇಲೊಂದು ಅದೇ ಜಾಗದಲ್ಲಿ ಪರೀಕ್ಷಿಸುವುದು. ಸಮಯ ಕಳೆದರೆ ಹೋಯಿತು, ಜಾಗವನ್ನು ಒರೆಸಿ ಮತ್ತೆ ಬಳಸಬಹುದು. ಎರಡನೆಯದು 1987ರಲ್ಲಿ ಇಮ್ಮರ್‌ಮನ್ ಮತ್ತು ಸೆಲೆಪ್‌ಚೇನಿ ಬೇರೆ ಬೇರೆಯಾಗಿ ಸಾಧಿಸಿದ್ದು: ದಾರಿ ಇದೆ ಅಂತ ಊಹೆಯಿಂದ ತೋರಿಸುವಷ್ಟೇ ಜಾಗದಲ್ಲಿ ದಾರಿ ಇಲ್ಲ ಅಂತಲೂ ತೋರಿಸಬಹುದು. ಆಗದು ಅಂತ ಎಲ್ಲರೂ ನಂಬಿದ್ದು ಎರಡು ಪುಟದಲ್ಲಿ ಆಗಿಬಿಟ್ಟ ಕಥೆ ಇದು. ಆಗದು ಎಂದು ಸಾಧಿಸುವ ಕೋರ್ಸಿನಲ್ಲಿ ಇಂಥದ್ದೊಂದು ಇರಲೇಬೇಕು.

ಕೊನೆಯ ಭಾಗದಲ್ಲಿ ಯಾವ್ ಅವರ 1979ರ ಕಮ್ಯುನಿಕೇಶನ್ ಕಾಂಪ್ಲೆಕ್ಸಿಟಿ. ಇದು ಯಾಕೆ ಅಂದರೆ ಮೊದಲ ವಾರಗಳ ನೆನಪಿನ ಲೆಕ್ಕ ಇಲ್ಲಿ ವಾಪಸ್ ಬರುತ್ತದೆ. ಇಬ್ಬರ ಹತ್ತಿರ 10 ಲಕ್ಷ ಬಿಟ್‌ನ ಒಂದೊಂದು ಫೈಲ್ ಇದೆ. ಎರಡೂ ಒಂದೇನಾ ಅಂತ ತಿಳಿಯಬೇಕು. ತಪ್ಪೇ ಆಗಬಾರದು ಅಂದರೆ 10 ಲಕ್ಷ ಬಿಟ್ ಮಾತಾಡಲೇಬೇಕು. ಇಬ್ಬರಲ್ಲೂ ಒಂದೇ ಫೈಲ್ ಇರುವ ಎರಡು ಬೇರೆ ಬೇರೆ ಜೋಡಿಗೆ ಒಂದೇ ಮಾತುಕತೆ ನಡೆದರೆ, ಅದರದ್ದೊಂದು ಇದರದ್ದೊಂದು ಸೇರಿಸಿ ಅವರನ್ನು ಮೋಸಗೊಳಿಸಬಹುದು. ಆಟೊಮೇಟದ ಪ್ರೂಫ್ ಇದೇ ಅಲ್ವಾ? ಈಗ ನಾಣ್ಯ ಚಿಮ್ಮಲು ಬಿಡಿ. ಒಬ್ಬರು 40 ಬಿಟ್‌ನೊಳಗಿನ ಒಂದು ಅವಿಭಾಜ್ಯ ಸಂಖ್ಯೆಯನ್ನು ಕಣ್ಣುಮುಚ್ಚಿ ಆರಿಸಿ, ಅದನ್ನೂ ತಮ್ಮ ಫೈಲನ್ನು ಅದರಿಂದ ಭಾಗಿಸಿದ ಶೇಷವನ್ನೂ ಕಳಿಸುತ್ತಾರೆ. 80 ಬಿಟ್ ಸಾಕು. ಫೈಲ್‌ಗಳು ಬೇರೆಯಿದ್ದೂ ಒಂದೇ ಅನ್ನುವ ಸಂಭವ 30,000ದಲ್ಲಿ ಒಂದಕ್ಕಿಂತ ಕಡಿಮೆ. 10 ಲಕ್ಷದ ಜಾಗದಲ್ಲಿ 80! ಎರಡು ಫೈಲ್‌ಗಳ ವ್ಯತ್ಯಾಸಕ್ಕೆ ಎಷ್ಟು ಅವಿಭಾಜ್ಯ ಅಪವರ್ತನಗಳು ಇರಬಹುದು ಅಂತ ಎಣಿಸಿ ಈ ಅಂದಾಜನ್ನು ವಿದ್ಯಾರ್ಥಿಗಳೇ ಪಡೆಯಬೇಕು, ನೀವು ಕೊಡಬೇಡಿ. ಇಲ್ಲಿಂದ ಪಾಲಿನಾಮಿಯಲ್‌ಗಳನ್ನು ಹೋಲಿಸುವುದಕ್ಕೆ, ಅಲ್ಲಿಂದ ಪ್ರಶ್ನೋತ್ತರದಲ್ಲಿ ಪರೀಕ್ಷಿಸುವ ಸಂವಾದದ ಪ್ರೂಫ್‌ಗಳಿಗೆ ದಾರಿ ಇದೆ. ಪಾಲಿನಾಮಿಯಲ್ ಜಾಗದಲ್ಲಿ ಬಿಡಿಸಬಹುದಾದದ್ದನ್ನೆಲ್ಲ ಇಂಥ ಸಂವಾದದಿಂದ ಪರೀಕ್ಷಿಸಬಹುದು ಅನ್ನುವ ಶಮೀರ್ ಅವರ 1990ರ ಫಲಿತಾಂಶವನ್ನು ಹೇಳಿ, ಅದರೊಳಗಿನ ಸಮ್‌ಚೆಕ್ (ದೊಡ್ಡ ಮೊತ್ತವೊಂದನ್ನು ಪ್ರಶ್ನೆ ಕೇಳಿ ಪರೀಕ್ಷಿಸುವ ವಿಧಾನ) ಅಷ್ಟನ್ನು ಮಾಡಿ ತೋರಿಸಿ.

ಬಿಟ್ಟಿದ್ದೇನು? ಕಾಂಟೆಕ್ಸ್ಟ್ ಫ್ರೀ ಗ್ರಾಮರ್ ಪೂರ್ತಿ ಬಿಡಿ, ಅದು ಕಂಪೈಲರ್ ಕೋರ್ಸಿನ ಸೊತ್ತು. ಲ್ಯಾಂಬ್ಡಾ ಕ್ಯಾಲ್ಕುಲಸ್ ಬಿಡುವುದಕ್ಕೆ ನನ್ನ ಕೆಲವು ಗೆಳೆಯರು ಮುನಿಸಿಕೊಳ್ಳುತ್ತಾರೆ. ಅವರ ಮುನಿಸು ನ್ಯಾಯವಾದದ್ದೇ. ಆದರೆ ಟೈಪ್‌ಗಳಿಲ್ಲದೆ ಅದನ್ನು ಎರಡು ಕ್ಲಾಸಿನಲ್ಲಿ ಮುಟ್ಟಿ ಬಿಟ್ಟರೆ ಚರ್ಚ್ ಅವರಿಗೂ ಅನ್ಯಾಯ, ವಿದ್ಯಾರ್ಥಿಗಳಿಗೂ ಅನ್ಯಾಯ. ಪ್ರೋಗ್ರಾಮಿಂಗ್ ಭಾಷೆಗಳ ಸಿದ್ಧಾಂತ ಅಂತ ಬೇರೆ ಕೋರ್ಸು ಇರಲಿ. ಕ್ರಿಪ್ಟೊಗ್ರಫಿಯೂ ಹಾಗೇ. ಲಾಜಿಕ್‌ನ ಬಗ್ಗೆ ನನಗೇ ಸ್ವಲ್ಪ ಹೊಯ್ದಾಟ ಇದೆ. ನಿಮ್ಮ ವಿಭಾಗದಲ್ಲಿ ಅದಕ್ಕೆ ಬೇರೆ ಕೋರ್ಸಿಲ್ಲ ಅಂದರೆ, ಮೆಮೊರಿಯ ಒಂದು ಕ್ಲಾಸು ಕಿತ್ತು ಫೇಗಿನ್ ಅವರ 1974ರ ಪ್ರಮೇಯ ಹಾಕಿ. ಯಂತ್ರ, ಸಮಯ ಎರಡನ್ನೂ ಹೆಸರಿಸದೆ ಬರೀ ತರ್ಕದ ಭಾಷೆಯಲ್ಲಿ ಎನ್‌ಪಿಯನ್ನು ಹೇಳಿಬಿಡುತ್ತದೆ ಅದು.

ಪರೀಕ್ಷೆಯ ವಿಷಯ. ಮನೆಗೆ ಕೊಟ್ಟ ಲೆಕ್ಕಕ್ಕೆ ಈಗ ಎಐ ಚಾಟ್‌ಬಾಟ್ ಚೆಂದದ ಉತ್ತರ ಬರೆದುಕೊಡುತ್ತದೆ. ಅದನ್ನು ತಡೆಯಲು ಹೋಗಿ ನೀವು ಪೊಲೀಸರಾಗಬೇಡಿ. ಮನೆಲೆಕ್ಕಕ್ಕೆ ಅಂಕ ಕಡಿಮೆ ಇಡಿ. ಬದಲಿಗೆ ಪ್ರತಿಯೊಬ್ಬರಿಗೂ ಸೆಮಿಸ್ಟರ್‌ನಲ್ಲಿ ಎರಡು ಸಲ, 15 ನಿಮಿಷ, ಬೋರ್ಡಿನ ಮುಂದೆ. ತಾವೇ ಬರೆದುಕೊಟ್ಟ ರಿಡಕ್ಷನ್ ಅನ್ನು ವಿವರಿಸಬೇಕು. ನಡುವೆ ನೀವು ಒಂದು ಷರತ್ತು ಬದಲಿಸಿ, ‘ಈಗ ಎಲ್ಲಿ ಮುರಿಯುತ್ತದೆ?’ ಅಂತ ಕೇಳಿ. ಕ್ಲಾಸು ದೊಡ್ಡದಿದ್ದರೆ ಇದು ಬೆವರಿಳಿಸುವ ಕೆಲಸ, ಒಪ್ಪುತ್ತೇನೆ. 40 ಜನ ಅಂದರೆ ಒಂದು ಸುತ್ತಿಗೆ 10 ಗಂಟೆ. ಆದರೂ ಅಷ್ಟೇ ಜನರ ಉತ್ತರಪತ್ರಿಕೆಯಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಪ್ರೂಫ್‌ಗಳನ್ನು ತಿದ್ದುವುದಕ್ಕಿಂತ ವಾಸಿ.

ಬರೆಯುವ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಯಾವಾಗಲೂ ಹೀಗಿರಲಿ: ನೋಡಲು ಸರಿಯೆನ್ನಿಸುವ ಒಂದು ತಪ್ಪು ಪ್ರೂಫ್ ಕೊಟ್ಟು, ತಪ್ಪಿರುವ ಸಾಲು ಯಾವುದು, ಯಾಕೆ ತಪ್ಪು ಅಂತ ಕೇಳುವುದು. ಪಿ ಮತ್ತು ಎನ್‌ಪಿ ಬೇರೆ ಅಂತ ‘ಸಾಧಿಸುವ’ ಒಂದು ಪುಟದ ಪ್ರೂಫ್ ಇದಕ್ಕೆ ಹೇಳಿ ಮಾಡಿಸಿದ್ದು. ಎಲ್ಲ ಸಾಧ್ಯತೆಗಳನ್ನೂ ನೋಡದೆ ಬೇರೆ ದಾರಿಯಿಲ್ಲ, ಆದ್ದರಿಂದ ಇದಕ್ಕೆ ಎಕ್ಸ್‌ಪೊನೆನ್ಶಿಯಲ್ ಸಮಯ ಬೇಕು ಅನ್ನುವ ಸಾಲು ಅದರಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ.

ನಿಮ್ಮ ಕ್ಲಾಸಿನ ಎರಡು ಗುಂಪುಗಳ ಬಗ್ಗೆ ಜಾಸ್ತಿ ಚಿಂತೆ ಬೇಡ. ಪ್ರೂಫ್ ಬರೆಯಲು ಬೇರೆ ವಾರ ಇಟ್ಟು ಪಾಠ ಮಾಡಬೇಡಿ, ಅದು ಯಾರಿಗೂ ಹತ್ತುವುದಿಲ್ಲ. ಮೊದಲ ಮೂರು ವಾರ ಪ್ರತಿ ಕ್ಲಾಸಿನ ಕೊನೆಗೆ ಅರ್ಧ ಪುಟದ ಒಂದು ಪ್ರೂಫ್ ಬರೆಸಿ, ಅಂಕ ಹಾಕದೆ ತಿದ್ದಿ ವಾಪಸ್ ಕೊಡಿ. ಮನೆಲೆಕ್ಕಕ್ಕೆ ಕೋಡಿನವರೊಬ್ಬರು, ಗಣಿತದವರೊಬ್ಬರು ಜೋಡಿಯಾಗಲಿ. ಬರೆಯುವ ಕೆಲಸ ಮಾತ್ರ ಕೋಡಿನವರದ್ದು.

ಖಾಲಿ ಇಟ್ಟ 2 ಕ್ಲಾಸು ಎಲ್ಲೋ ನಡುವೆ ಖರ್ಚಾಗುತ್ತವೆ. ಕುಕ್ ಪ್ರಮೇಯ ಒಂದು ಜಾಸ್ತಿ ಕೇಳುತ್ತದೆ, ಇಲ್ಲವೇ ಯಾರೋ ಒಳ್ಳೆಯ ಪ್ರಶ್ನೆ ಕೇಳಿ ಒಂದಿಡೀ ಕ್ಲಾಸು ತಿನ್ನುತ್ತಾರೆ. ತಿನ್ನಲಿ. ಒಂದು ಉಳಿದರೆ ಕೊನೆಯ ದಿನ ರಯನ್ ವಿಲಿಯಮ್ಸ್ ಅವರ 2025ರ ಫಲಿತಾಂಶ ಹೇಳಿ. ಇಷ್ಟು ಹೆಜ್ಜೆಯಲ್ಲಿ ಮುಗಿಯುವ ಯಾವುದೇ ಲೆಕ್ಕವನ್ನು ಹೆಚ್ಚುಕಡಿಮೆ ಆ ಹೆಜ್ಜೆಗಳ ವರ್ಗಮೂಲದಷ್ಟು ಜಾಗದಲ್ಲಿ ಮಾಡಬಹುದು. 1975ರಲ್ಲಿ ಹಾಪ್‌ಕ್ರಾಫ್ಟ್, ಪಾಲ್ ಮತ್ತು ವ್ಯಾಲಿಯಂಟ್ ಬರೀ ಒಂದು ಲಾಗರಿದಂನಷ್ಟು ಜಾಗ ಉಳಿಸಿದ್ದರು. 50 ವರ್ಷ ಅದಕ್ಕಿಂತ ಮುಂದೆ ಯಾರೂ ಹೋಗಿರಲಿಲ್ಲ. ವಿಲಿಯಮ್ಸ್ ಆಸರೆ ಪಡೆದಿದ್ದು ಜೇಮ್ಸ್ ಕುಕ್ ಮತ್ತು ಇಯಾನ್ ಮರ್ಟ್ಜ್ ಕಂಡುಕೊಂಡ ಒಂದು ವಿಧಾನದಿಂದ. ಒಂದು ಮರದ ಆಕಾರದ ಲೆಕ್ಕವನ್ನು ತೀರಾ ಕಡಿಮೆ ಜಾಗದಲ್ಲಿ ಮಾಡುವ ಉಪಾಯ ಅದು. ಇಷ್ಟು ಕಡಿಮೆ ಜಾಗದಲ್ಲಿ ಅದು ಆಗಲಿಕ್ಕಿಲ್ಲ ಎಂಬ ಊಹೆಯನ್ನು ಮುಂದಿಟ್ಟವರಲ್ಲಿ ಒಬ್ಬರು 1971ರ ಪ್ರಮೇಯದ ಸ್ಟೀಫನ್ ಕುಕ್. ಜೇಮ್ಸ್ ಅವರ ಮಗ.